ಗೊತ್ತಿದ್ದವರ ಕೈಗೆ ಅಧಿಕಾರ ಕೊಡಿ: ಆರೋಗ್ಯ ಸಚಿವರಿಗೆ ಮಲೆನಾಡಿನಿಂದ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ಹಾಗೂ ಇಲಾಖೆಯ ಹಿರಿಯ ಅಧಿಕಾರಿಗಳಿಗೆ,

ನಮಸ್ಕಾರಗಳು.

ಮಳೆ ಹಿಂದೆ ಸರಿಯುತ್ತಿದೆ. ಇನ್ನೇನು ಅಡಿಕೆ ಕೊಯ್ಲು. ಕೊಯ್ಲಿನ ಬೆನ್ನಿಗೇ ನಮ್ಮಲ್ಲಿ ಮಂಗನ ಕಾಯಿಲೆಯ, ಅಂದರೆ ಕಾಡಿನ ಉಣುಗು (ಉಣ್ಣೆ) ಕಚ್ಚಿ ಬರುವ ವೈರಸ್ ಜ್ವರದ, ದಿನಗಳು ಶುರುವಾಗುತ್ತವೆ. ಡಿಸೆಂಬರ್‌ನಿಂದ ಮೇ ತನಕ ಕಾಡಂಚಿನ ಮನೆಗಳಲ್ಲಿ ಯಾರಿಗಾದರೂ ಜ್ವರ ಬಂದರೆ ಸಾಕು, ಎದೆ ಧಸಕ್ಕೆನ್ನುತ್ತದೆ. ಅದಕ್ಕೆ ಮೊದಲೇ ನಿಮಗೆ ನಾಲ್ಕು ಮಾತು ಹೇಳಬೇಕು ಅಂತ ಈ ಪತ್ರ ಬರೆಯುತ್ತಿದ್ದೇನೆ.

ನಾನು ಶಿವಮೊಗ್ಗ ಜಿಲ್ಲೆಯ ಘಟ್ಟದ ಕಡೆಯ ತಾಲ್ಲೂಕಿನವನು. ಅಡಿಕೆ ಬೆಳೆಗಾರ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಆರೋಗ್ಯ ರಕ್ಷಾ ಸಮಿತಿಯಲ್ಲಿ ಸದಸ್ಯ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಮೊದಲು ನೋಟಿಸ್ ಬರುವುದು ಅಲ್ಲಿನ ಸಿಸ್ಟರ್‌ಗೆ. ಆ ಭಯ ಯಾಕೆ ಇದೆ ಅನ್ನುವುದೇ ಈ ಪತ್ರದ ಅರ್ಧ ವಿಷಯ.

ಸರ್ಕಾರಿ ಆಸ್ಪತ್ರೆ ಅಂದರೆ ಡಾಕ್ಟರ್ ಇಲ್ಲ, ಔಷಧಿ ಇಲ್ಲ, ದುಡ್ಡಿಲ್ಲ ಅಂತ ನಾವೆಲ್ಲ ಹೇಳುತ್ತಲೇ ಬಂದಿದ್ದೇವೆ. ಅವು ಸುಳ್ಳಲ್ಲ. ಆದರೆ ಸಮಿತಿಯಲ್ಲಿ ಕೂತು ಒಳಗಿನ ಕೆಲಸ ನೋಡಿದ ಮೇಲೆ ನನಗೆ ಬೇರೆಯೇ ಒಂದು ಕೊರತೆ ದೊಡ್ಡದಾಗಿ ಕಾಣುತ್ತಿದೆ. ಏನು ಸರಿಯಿಲ್ಲ ಅಂತ ಗೊತ್ತಿರುವವರಿಗೆ ಅದನ್ನು ಸರಿ ಮಾಡುವ ಅಧಿಕಾರ ಇಲ್ಲ. ಅಧಿಕಾರ ಇರುವವರು ಬರುವುದು ತಪಾಸಣೆಗೆ ಮಾತ್ರ. ಇಬ್ಬರ ನಡುವೆ ಓಡಾಡುವುದು ಫೈಲು.

ಒಂದು ಬ್ಯಾಟರಿಯ ವಿಷಯ ಹೇಳುತ್ತೇನೆ.

ನಮ್ಮ ಕಡೆ ಆಷಾಢದಲ್ಲಿ ಗಾಳಿ ಮಳೆ ಬಂದರೆ ಲೈನಿನ ಮೇಲೆ ಮರ ಬೀಳುತ್ತದೆ. ಕರೆಂಟ್ ಹೋದರೆ ದಿನಗಟ್ಟಲೆ ಬರುವುದಿಲ್ಲ. ಆಸ್ಪತ್ರೆಯ ಯುಪಿಎಸ್ ಬ್ಯಾಟರಿ ಹಾಳಾಗಿತ್ತು. ಮಳೆಗಾಲಕ್ಕೆ ಮೊದಲೇ ಸಿಸ್ಟರ್ ಬರೆದುಕೊಟ್ಟಿದ್ದರು. ಡಾಕ್ಟರ್ ಸಹಿ ಹಾಕಿ ಮೇಲೆ ಕಳಿಸಿದ್ದರು. ಸಮಿತಿ ಖಾತೆಯಲ್ಲಿ ದುಡ್ಡೂ ಇತ್ತು. ಆದರೆ ಆ ದುಡ್ಡಿನಲ್ಲಿ ಬ್ಯಾಟರಿ ತರಬಹುದಾ ಅನ್ನುವುದಕ್ಕೆ ಮೇಲಿಂದ ಒಪ್ಪಿಗೆ ಬೇಕಿತ್ತು. ಮೂರು ಕೊಟೇಶನ್ ಬೇಕು ಅಂದರು, ಪೇಟೆಗೆ ಹೋಗಿ ತಂದೆವು. ಹಳೆಯ ಬ್ಯಾಟರಿ ಹಾಳಾಗಿದೆ ಅಂತ ಯಾರಾದರೂ ಬಂದು ನೋಡಿ ಬರೆದುಕೊಡಬೇಕು ಅಂದರು. ನೋಡಬೇಕಾದವರು ವರ್ಗವಾಗಿ ಹೋಗಿದ್ದರು.

ಅಷ್ಟರಲ್ಲಿ ಮಳೆ ಹಿಡಿಯಿತು. ಲಸಿಕೆ ಇಡುವ ಐಎಲ್‌ಆರ್ ಪೆಟ್ಟಿಗೆಯ ಒಳಗೆ 2ರಿಂದ 8 ಡಿಗ್ರಿ ಇರಬೇಕು. ದಿನಕ್ಕೆ ಎರಡು ಸಲ ನೋಡಿ ಪುಸ್ತಕದಲ್ಲಿ ಬರೆಯಬೇಕು. ಆ ಪುಸ್ತಕವನ್ನು ನಾನು ನೋಡಿದ್ದೇನೆ. ಒಂದು ಹೊತ್ತೂ ಬಿಡದೆ ಬರೆದಿದ್ದರು. 4, 5, 5, 6, 7 ಅಂತ ಅಂಕಿ ಮೇಲೇರುತ್ತಾ ಹೋಗಿತ್ತು. 7 ಬಂದ ಸಂಜೆ ಸಿಸ್ಟರ್ ಐಸ್ ಪ್ಯಾಕ್ ಹಾಕಿದ ಕೋಲ್ಡ್ ಬಾಕ್ಸಿಗೆ ಲಸಿಕೆ ತುಂಬಿಸಿ, ಊರಿನ ಜೀಪು ಹಿಡಿದು, ಕರೆಂಟ್ ಇದ್ದ ಇನ್ನೊಂದು ಆಸ್ಪತ್ರೆಗೆ ಒಯ್ದರು. ಜೀಪಿನವನಿಗೆ ಕೊಟ್ಟಿದ್ದು ಅವರದೇ ದುಡ್ಡು. ಲಸಿಕೆ ಉಳಿಯಿತು. ಆದರೆ ಆ ವಾರ ಮಕ್ಕಳಿಗೆ ಲಸಿಕೆ ಹಾಕುವುದು ಮುಂದಕ್ಕೆ ಹೋಯಿತು. ಆಮೇಲಿನ ಪ್ರಗತಿ ಪರಿಶೀಲನಾ ಸಭೆಯಲ್ಲಿ ನಮ್ಮ ಕೇಂದ್ರದ ಹೆಸರು ಗುರಿ ತಲುಪದವರ ಪಟ್ಟಿಯಲ್ಲಿ ಬಂತು. ಕಾರಣ ಕೇಳಿ ನೋಟಿಸ್ ಬಂತು. ಬ್ಯಾಟರಿ ಬಂದಿದ್ದು ಮಳೆ ನಿಂತ ಮೇಲೆ.

ಇಲ್ಲಿ ಕೆಟ್ಟವರು ಅಂತ ಯಾರನ್ನು ತೋರಿಸಲಿ? ಮೇಲಿನ ಕಚೇರಿಯವರು ನಿಯಮ ಪಾಲಿಸಿದರು. ಆಡಿಟ್‌ನಲ್ಲಿ ಆಕ್ಷೇಪ ಬಂದರೆ ತಮ್ಮ ಪಿಂಚಣಿಗೇ ಕುತ್ತು ಅಂತ ಅವರಿಗೂ ಹೆದರಿಕೆ. ಸಭೆ ನಡೆಸಿದವರು ಅಂಕಿ ನೋಡಿದರು. ಎಲ್ಲರೂ ಅವರವರ ಕೆಲಸ ಮಾಡಿದರು. ಆದರೂ ಶಿಕ್ಷೆ ಆಗಿದ್ದು ಲಸಿಕೆ ಉಳಿಸಿದವರಿಗೆ. ನನಗೆ ಇದನ್ನು ನುಂಗಿಕೊಳ್ಳಲು ಆಗುತ್ತಿಲ್ಲ.

ಅಂಕಿಯೇ ಬೇಡ ಅಂತ ನಾನು ಹೇಳುತ್ತಿಲ್ಲ. ಎಷ್ಟು ಮಕ್ಕಳಿಗೆ ಲಸಿಕೆ ಆಯಿತು, ಎಷ್ಟು ಬಾಣಂತಿಯರು ಕ್ಷೇಮವಾಗಿ ಮನೆಗೆ ಹೋದರು ಅಂತ ಗೊತ್ತಿಲ್ಲದೆ ಯಾವ ಇಲಾಖೆಯೂ ನಡೆಯುವುದಿಲ್ಲ. ಆದರೆ ಈಗ ಆಗಿರುವುದನ್ನು ನೋಡಿ, ಒಂದೊಂದು ಲೆಕ್ಕಕ್ಕೂ ಒಂದೊಂದು ಆನ್‌ಲೈನ್ ಪೋರ್ಟಲ್. ಗರ್ಭಿಣಿಯರದ್ದು ಆರ್‌ಸಿಎಚ್ ಪೋರ್ಟಲ್, ಲಸಿಕೆಗೆ ಯು-ವಿನ್, ಕ್ಷಯಕ್ಕೆ ನಿಕ್ಷಯ್, ಜ್ವರ ಕಾಯಿಲೆಗಳಿಗೆ ಐಎಚ್‌ಐಪಿ, ತಿಂಗಳ ವರದಿಗೆ ಎಚ್‌ಎಂಐಎಸ್. ನೆಟ್‌ವರ್ಕ್ ಸಿಗುವುದು ಗುಡ್ಡದ ತುದಿಯಲ್ಲಿ. ಉಪಕೇಂದ್ರದ ಸಿಸ್ಟರ್ ಗುಡ್ಡ ಹತ್ತಿ ಎಂಟ್ರಿ ಮಾಡಿ ಇಳಿಯುವಷ್ಟರಲ್ಲಿ ಬಿಪಿ ನೋಡಿಸಿಕೊಳ್ಳಲು ಬಂದ ಅಜ್ಜಿ ಕಾದು ಕಾದು ವಾಪಸ್ ಹೋಗಿರುತ್ತಾರೆ. ಅಜ್ಜಿ ವಾಪಸ್ ಹೋಗಿದ್ದಕ್ಕೆ ಯಾವ ಪೋರ್ಟಲ್‌ನಲ್ಲೂ ಕಾಲಂ ಇಲ್ಲ.

ಗುರಿಯ ಹಿಂದೆ ಬಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಇಂಗ್ಲೆಂಡಿನಲ್ಲಿ ಒಂದು ದೊಡ್ಡ ಪಾಠ ಇದೆ. ಅಲ್ಲಿನ ಆರೋಗ್ಯ ವ್ಯವಸ್ಥೆಯೂ ನಮ್ಮ ಹಾಗೆ ಸರ್ಕಾರದ್ದೇ, ದುಡ್ಡು ನಮಗಿಂತ ಎಷ್ಟೋ ಜಾಸ್ತಿ. ಸ್ಟಾಫರ್ಡ್ ಅನ್ನುವ ಊರಿನ ಆಸ್ಪತ್ರೆಯಲ್ಲಿ 2005ರಿಂದ 2009ರ ನಡುವೆ ರೋಗಿಗಳ ಪಾಡು ಹೇಳತೀರದು. ಕುಡಿಯುವ ನೀರು ಕೈಗೆ ಸಿಗದ ಹಾಗೆ ಇಟ್ಟಿರುತ್ತಿದ್ದರು. ಗಲೀಜಾದ ಹಾಸಿಗೆಯಲ್ಲೇ ವಯಸ್ಸಾದವರು ಗಂಟೆಗಟ್ಟಲೆ ಮಲಗಿರಬೇಕಿತ್ತು. ಆಡಳಿತ ಮಂಡಳಿಯ ಗಮನವೆಲ್ಲ ಖರ್ಚು ಕಡಿತ ಮತ್ತು ಗುರಿಗಳ ಮೇಲಿತ್ತು. ತುರ್ತು ವಿಭಾಗಕ್ಕೆ ಬಂದವರನ್ನು ನಾಲ್ಕು ಗಂಟೆಯೊಳಗೆ ನೋಡಿ ಮುಗಿಸಬೇಕು ಅನ್ನುವುದು ಒಂದು ಗುರಿ. ಅದಕ್ಕಾಗಿ ಸಮಯವನ್ನೇ ತಿದ್ದಿ ಬರೆಸುತ್ತಿದ್ದಾರೆ ಅಂತ ಅಲ್ಲಿನ ನರ್ಸ್ ಒಬ್ಬರು ದೂರು ಕೊಟ್ಟರು. ಅವರಿಗೆ ಸಿಕ್ಕಿದ್ದು ಬೆದರಿಕೆ. ಕೊನೆಗೆ ಬಾಯಿ ತೆರೆಸಿದ್ದು ಸತ್ತವರ ಮನೆಯವರು, ವರ್ಷಗಟ್ಟಲೆ ಹೋರಾಡಿ. ರಾಬರ್ಟ್ ಫ್ರಾನ್ಸಿಸ್ ಅನ್ನುವ ವಕೀಲರ ನೇತೃತ್ವದ ವಿಚಾರಣಾ ವರದಿ 2013ರ ಫೆಬ್ರವರಿಯಲ್ಲಿ ಬಂತು. 290 ಶಿಫಾರಸುಗಳು. ಮರುವರ್ಷ ಅಲ್ಲಿ ಕಾನೂನೇ ಬಂತು: ಚಿಕಿತ್ಸೆಯಲ್ಲಿ ಎಡವಟ್ಟಾಗಿ ರೋಗಿಗೆ ತೊಂದರೆಯಾದರೆ ಆಸ್ಪತ್ರೆ ಅದನ್ನು ಮುಚ್ಚಿಡದೆ ರೋಗಿಗೆ, ಮನೆಯವರಿಗೆ ಹೇಳಲೇಬೇಕು.

ಅಷ್ಟು ದೂರ ಯಾಕೆ, ಪಕ್ಕದ ಕೇರಳವನ್ನೇ ನೋಡಬಹುದಲ್ವಾ. ಅಲ್ಲಿನ ಪ್ರಸೂತಿ ತಜ್ಞರ ಒಕ್ಕೂಟ ಸರ್ಕಾರದ ಬೆಂಬಲದಲ್ಲಿ 2004ರಿಂದ ತಾಯಂದಿರ ಸಾವನ್ನು ಗುಟ್ಟಾಗಿ ಪರಿಶೀಲಿಸುತ್ತಿದೆ. ಕೇಸ್ ಶೀಟ್‌ನಲ್ಲಿ ರೋಗಿಯ ಹೆಸರು, ಡಾಕ್ಟರ್ ಹೆಸರು, ಆಸ್ಪತ್ರೆ ಹೆಸರು ಇರುವುದಿಲ್ಲ. ಯಾರು ತಪ್ಪು ಮಾಡಿದರು ಅಂತ ಹುಡುಕುವುದಿಲ್ಲ. ಎಲ್ಲಿ ತಡವಾಯಿತು, ರಕ್ತಸ್ರಾವ ಯಾಕೆ ಹತೋಟಿಗೆ ಬರಲಿಲ್ಲ, ಮುಂದಿನ ಸಲ ಏನು ಮಾಡಬೇಕು ಅಂತ ನೋಡಿ, ಅದನ್ನು ಎಲ್ಲ ವೈದ್ಯರಿಗೂ ಕಲಿಸುತ್ತಾರೆ. ನಮ್ಮಲ್ಲೂ ತಾಯಂದಿರ ಸಾವಿನ ಆಡಿಟ್ ಇದೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಸತ್ತ ಮೇಲೆ ಇಡೀ ರಾಜ್ಯ ಆ ಬಗ್ಗೆ ಮಾತಾಡಿತು. ತಪ್ಪಿತಸ್ಥರಿಗೆ ಶಿಕ್ಷೆ ಆಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೆಳಗಿನ ಆಸ್ಪತ್ರೆಗಳಲ್ಲಿ ಆಡಿಟ್ ಅಂದ ಕೂಡಲೇ ಸಿಬ್ಬಂದಿ ಮೊದಲು ನೋಡುವುದು ತಮ್ಮ ದಾಖಲೆ ಸರಿಯಿದೆಯಾ ಅಂತ. ಸತ್ತ ಹೆಣ್ಣುಮಗಳಿಗೆ ನಿಜಕ್ಕೂ ಏನಾಯಿತು ಅನ್ನುವ ಪ್ರಶ್ನೆ ಹಿಂದೆ ಬೀಳುತ್ತದೆ.

ಒಳ್ಳೆಯ ನಾಯಕತ್ವವನ್ನೂ ನಾನು ಕಣ್ಣಾರೆ ನೋಡಿದ್ದೇನೆ.

ನಮ್ಮಲ್ಲಿಗೆ ಒಬ್ಬ ಯುವ ವೈದ್ಯೆ ಬಂದಿದ್ದರು. ತಿಂಗಳ ಸಭೆಯಲ್ಲಿ ಅವರು ಮೊದಲು ಮಾತಾಡುತ್ತಿರಲಿಲ್ಲ. ಗ್ರೂಪ್ ಡಿ ಅಕ್ಕನನ್ನು ಕೇಳುತ್ತಿದ್ದರು, ಆಮೇಲೆ ಆಶಾ ಕಾರ್ಯಕರ್ತೆಯರನ್ನು, ಆಮೇಲೆ ಸಿಸ್ಟರ್‌ಗಳನ್ನು. "ಈ ತಿಂಗಳು ಏನು ಕಷ್ಟ ಆಯ್ತು?" ಅಷ್ಟೇ ಪ್ರಶ್ನೆ. ಮೊದಮೊದಲು ಯಾರೂ ಬಾಯಿ ಬಿಡಲಿಲ್ಲ. ಎಲ್ಲ ಸರಿ ಇದೆ ಮೇಡಂ ಅನ್ನುತ್ತಿದ್ದರು. ಹೇಳಿದರೆ ಬೈಗುಳ ಬರುವುದಿಲ್ಲ ಅಂತ ಖಾತ್ರಿಯಾದ ಮೇಲೆ ಮಾತು ಬಂತು.

ಹಾಗೆ ಬಂದ ಮಾತಿನಲ್ಲಿ ಒಂದು ಇದು. ಒಬ್ಬ ಆಶಾ ಅಕ್ಕ ಹೇಳಿದರು, "ಮೇಡಂ, ನಮ್ಮ ಹಳ್ಳಿಯ ಹಳ್ಳ ತುಂಬಿದ್ರೆ ಆಚೆ ಮನೆಯವರು ಬರೋದಕ್ಕೆ ಆಗಲ್ಲ. 108ಕ್ಕೆ ಫೋನ್ ಮಾಡಿದ್ರೂ ಗಾಡಿ ಹಳ್ಳದ ಈಚೆಗೇ ನಿಲ್ಲುತ್ತೆ." ಮರುದಿನವೇ ಡಾಕ್ಟರ್ ಒಂದು ಡ್ರಾಯಿಂಗ್ ಶೀಟ್ ತರಿಸಿದರು. ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಹೆರಿಗೆ ದಿನ ಇರುವ ಗರ್ಭಿಣಿಯರದ್ದೆಲ್ಲ ಪಟ್ಟಿ ಮಾಡಿಸಿದರು. ಮನೆಗೆ ರಸ್ತೆ ಇದೆಯಾ, ಹಳ್ಳ ದಾಟಬೇಕಾ, ಪೇಟೆಯಲ್ಲಿ ನೆಂಟರು ಇದ್ದಾರಾ, ಮೊದಲ ಹೆರಿಗೆ ಸಿಜೇರಿಯನ್ ಆಗಿತ್ತಾ ಅಂತ ಒಂದೊಂದು ಕಾಲಂ. ಕೆಳಗೆ ಊರೂರಿನ ಜೀಪು ಓಡಿಸುವವರ ಫೋನ್ ನಂಬರ್. ಹಳ್ಳದಾಚೆಯವರನ್ನು ದಿನ ಹತ್ತಿರ ಬರುವ ಮೊದಲೇ ರಸ್ತೆ ಬದಿಯ ನೆಂಟರ ಮನೆಗೆ ಬರುವ ಹಾಗೆ ಮನೆಯವರನ್ನು ಒಪ್ಪಿಸಿದರು. ಅತ್ತೆಯಂದಿರನ್ನು ಒಪ್ಪಿಸಿದ್ದು ಆಶಾ ಅಕ್ಕಂದಿರು. ಅದು ಡಾಕ್ಟರ್ ಕೈಲಿ ಆಗುವ ಕೆಲಸ ಅಲ್ಲ, ಅವರಿಗೂ ಅದು ಗೊತ್ತಿತ್ತು. ಆ ಮಳೆಗಾಲದಲ್ಲಿ ಪಟ್ಟಿಯಲ್ಲಿದ್ದ ಯಾರಿಗೂ ದಾರಿಯಲ್ಲಿ ಹೆರಿಗೆ ಆಗಲಿಲ್ಲ. ಇದಕ್ಕೆ ಸರ್ಕಾರದ ಆದೇಶ ಬೇಕಾಗಲಿಲ್ಲ. ಖರ್ಚು ಆಗಿದ್ದು ಒಂದು ಡ್ರಾಯಿಂಗ್ ಶೀಟಿನದ್ದು.

ಆಮೇಲೆ ಅವರಿಗೆ ವರ್ಗವಾಯಿತು. ಪಕ್ಕದ ಕೇಂದ್ರದ ಡಾಕ್ಟರ್ ನಮಗೂ ಇನ್‌ಚಾರ್ಜ್ ಆದರು. ಎರಡು ಕಡೆ ಓಡಾಡುವವರಿಗೆ ಒಪಿಡಿ ಮುಗಿಸುವುದೇ ಹೆಚ್ಚು. ಸಭೆ ಮೊದಲಿನ ಹಾಗೆ ಆಯಿತು. ಮುಂದಿನ ವರ್ಷ ಪಟ್ಟಿ ಯಾರೂ ಮಾಡಲಿಲ್ಲ. ಗೋಡೆಗೆ ಸುಣ್ಣ ಬಳಿಯುವಾಗ ಹಳೆಯ ಶೀಟನ್ನೂ ತೆಗೆದರು.

ನನ್ನ ತಕರಾರು ಇರುವುದು ಇಲ್ಲಿಯೇ. ಒಳ್ಳೆಯ ಕೆಲಸ ಒಬ್ಬರ ಜೊತೆ ಬಂದು ಅವರ ಜೊತೆಗೇ ಹೋಗುತ್ತಿದೆ. ಕಡ್ಡಾಯ ಗ್ರಾಮೀಣ ಸೇವೆಗೆ ಬರುವ ಡಾಕ್ಟರು ಊರಿನ ಹೆಸರುಗಳು ಪರಿಚಯವಾಗುವ ಹೊತ್ತಿಗೆ ಹೊರಡುತ್ತಾರೆ. ಅವರನ್ನು ದೂರುವುದಿಲ್ಲ, ಮುಂದೆ ಓದಬೇಕಾದ ಮಕ್ಕಳು. ಆದರೆ ಒಬ್ಬರು ಕಲಿತದ್ದು ಇನ್ನೊಬ್ಬರಿಗೆ ದಾಟುವ ದಾರಿಯನ್ನು ಇಲಾಖೆ ಮಾಡಿಲ್ಲ. ಹೋಗುವವರು ಬರುವವರಿಗೆ ಒಪ್ಪಿಸುವುದು ಬೀಗದ ಕೈ ಮತ್ತು ಸ್ಟಾಕ್ ಪುಸ್ತಕ.

ನಾಯಕತ್ವ ಕಲಿಸದೆ ಬರುವಂಥದ್ದಲ್ಲ. ಎಂಬಿಬಿಎಸ್ ಓದಿದವರಿಗೆ ರೋಗ ಗೊತ್ತು. ಹತ್ತಿಪ್ಪತ್ತು ಜನರ ತಂಡ ನಡೆಸುವುದು, ಬಜೆಟ್ ನೋಡುವುದು, ಪಂಚಾಯಿತಿಯವರ ಜೊತೆ ಕೂತು ಕೆಲಸ ಮಾಡಿಸುವುದು ಯಾವ ಪುಸ್ತಕದಲ್ಲಿತ್ತು? ಸರ್ವಿಸ್ ಆದ ಹಾಗೆ ತಾಲ್ಲೂಕಿಗೆ, ಜಿಲ್ಲೆಗೆ ಮೇಲೇರುತ್ತಾರೆ. ಒಳ್ಳೆಯ ಸರ್ಜನ್ ಒಬ್ಬರನ್ನು ಫೈಲಿನ ಮುಂದೆ ಕೂರಿಸಿ ಸರ್ಜರಿಯನ್ನೂ ಕಳೆದುಕೊಳ್ಳುತ್ತೇವೆ, ಆಡಳಿತವನ್ನೂ ಕಳೆದುಕೊಳ್ಳುತ್ತೇವೆ. ತಮಿಳುನಾಡಿನಲ್ಲಿ ಸಾರ್ವಜನಿಕ ಆರೋಗ್ಯಕ್ಕೆ ಅಂತಲೇ ಬೇರೆ ನಿರ್ದೇಶನಾಲಯ, ಬೇರೆ ವೈದ್ಯರ ಶ್ರೇಣಿ ಇದೆ. ಅದರಲ್ಲೇ ತರಬೇತಿ ಪಡೆದವರು ಅದರಲ್ಲೇ ಮೇಲೆ ಬರುತ್ತಾರೆ. ನಮ್ಮಲ್ಲೂ ಡಾ. ಎಚ್. ಸುದರ್ಶನ್ ಅಧ್ಯಕ್ಷತೆಯ ಆರೋಗ್ಯ ಕಾರ್ಯಪಡೆ 2001ರಲ್ಲೇ ವರದಿ ಕೊಟ್ಟಿತ್ತು. ಸಮಾನತೆ, ಗುಣಮಟ್ಟ, ಪ್ರಾಮಾಣಿಕತೆ ಬೇಕು ಅಂತ ವಿವರವಾಗಿ ಬರೆದಿತ್ತು. ಹೊಸ ಸಮಿತಿ ಬೇಡ, ಆ ವರದಿಯನ್ನೇ ಮತ್ತೆ ತೆಗೆದು ಓದಿದರೆ ಸಾಕು.

ಇನ್ನು ಮಂಗನ ಕಾಯಿಲೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಈ ವೈರಸ್ ಪತ್ತೆಯಾಯಿತು. ಲೋಕಕ್ಕೆಲ್ಲ ನಮ್ಮ ಕಾಡಿನ ಹೆಸರಿನಲ್ಲೇ ಗೊತ್ತು. ವೈರಸ್ ಕೊಲ್ಲುವ ಔಷಧಿ ಇಲ್ಲ. ಬೇಗ ಗೊತ್ತಾಗಿ ಬೇಗ ಆಸ್ಪತ್ರೆ ಸೇರಿದರೆ ಆರೈಕೆಯಿಂದ ಉಳಿಸಿಕೊಳ್ಳಬಹುದು. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಹಬ್ಬಿದಾಗ ಎಷ್ಟು ಮನೆಗಳು ಬರಿದಾದವು ಅಂತ ಜಿಲ್ಲೆ ಮರೆತಿಲ್ಲ. ವರ್ಷಗಟ್ಟಲೆ ಹಾಕುತ್ತಿದ್ದ ಲಸಿಕೆಯನ್ನು ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ 2022ರಲ್ಲಿ ನಿಲ್ಲಿಸಿದರು. ಹೊಸ ಲಸಿಕೆಯ ಕೆಲಸ ನಡೆದಿದೆ. ಅದು ಬರುವ ತನಕ ನಮ್ಮ ಕೈಯಲ್ಲಿ ಇರುವುದು ಉಣುಗು ಹತ್ತದ ಹಾಗೆ ಮೈಗೆ ಹಚ್ಚುವ ಡೆಪಾ ಎಣ್ಣೆ, ರಕ್ತ ಪರೀಕ್ಷೆ ಮತ್ತು ಎಚ್ಚರ.

ಈ ಕಾಯಿಲೆಯಲ್ಲಿ ಯಜಮಾನ ಯಾರು ಅಂತ ಕೇಳಿ ನೋಡಿ. ಮಂಗ ಸತ್ತರೆ ಅರಣ್ಯ ಇಲಾಖೆಗೆ ಹೇಳಬೇಕು. ಅದನ್ನು ನೋಡಬೇಕಾದವರು ಪಶು ಇಲಾಖೆಯವರು. ಸತ್ತ ಜಾಗದ ಸುತ್ತ ಮೆಲಾಥಿಯಾನ್ ಪುಡಿ ಹಾಕಿಸುವಾಗ ಪಂಚಾಯಿತಿ ಬೇಕು. ಜ್ವರ ಬಂದವರ ರಕ್ತ ತೆಗೆಯುವುದು ಆರೋಗ್ಯ ಇಲಾಖೆ. ತಾಲ್ಲೂಕು ಆಸ್ಪತ್ರೆ ತನಕ ಆರೋಗ್ಯ ಇಲಾಖೆಯದ್ದು, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ವೈದ್ಯಕೀಯ ಶಿಕ್ಷಣ ಇಲಾಖೆಯದ್ದು. ರೋಗಿಗೆ ಇದ್ಯಾವುದೂ ಗೊತ್ತಿಲ್ಲ. ಅವನಿಗೆ ಗೊತ್ತಿರುವುದು ದರಕು (ಒಣಗಿದ ಎಲೆ) ಗುಡಿಸಲು ಬೆಟ್ಟಕ್ಕೆ ಹೋಗಿದ್ದು, ಮೈಗೆ ಉಣುಗು ಹತ್ತಿದ್ದು, ಆಮೇಲೆ ಜ್ವರ ಬಂದಿದ್ದು. ತೋಟಕ್ಕೆ ದರಕು, ಸೊಪ್ಪು ತರುವ ಕಾಲವೂ ಉಣುಗಿನ ಕಾಲವೂ ಒಂದೇ. ಬೆಟ್ಟಕ್ಕೆ ಹೋಗಬೇಡಿ ಅಂತ ಮೈಕಿನಲ್ಲಿ ಕೂಗಿದರೆ ಪ್ರಯೋಜನ ಇಲ್ಲ, ಹೋಗದೆ ತೋಟ ನಡೆಯುವುದಿಲ್ಲ. ಹೋಗುವವರ ಕೈಗೆ ಎಣ್ಣೆ ಸಿಗಬೇಕು, ಅದೂ ನವೆಂಬರ್‌ನಲ್ಲೇ. ಜನವರಿಯಲ್ಲಿ ಮೊದಲ ಸಾವು ಪೇಪರಿನಲ್ಲಿ ಬಂದ ಮೇಲೆ ಅಲ್ಲ.

ಯಾವ ಬೆಟ್ಟದಲ್ಲಿ ಮಂಗ ಸತ್ತಿದೆ, ಯಾರ ಮನೆಯವರು ಅಲ್ಲಿಗೆ ಹೋಗಿದ್ದರು, ಯಾರಿಗೆ ಜ್ವರ ಇದೆ ಅನ್ನುವುದು ಆಶಾ ಕಾರ್ಯಕರ್ತೆಗೆ ಎಲ್ಲ ಇಲಾಖೆಗಳಿಗಿಂತ ಮೊದಲು ಗೊತ್ತಾಗುತ್ತದೆ. ಆದರೆ ಪರೀಕ್ಷೆಯ ಫಲಿತಾಂಶ ಅವರಿಗೆ ತಲುಪುವುದು ಕೊನೆಗೆ. ಗೌರವಧನಕ್ಕಾಗಿ 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಮಲಗಿದ್ದವರು ಇದೇ ಹೆಣ್ಣುಮಕ್ಕಳು.

ಮಲೆನಾಡಿಗೆ ಜ್ವರ ಹೊಸದಲ್ಲ. ನಮ್ಮ ಅಜ್ಜಂದಿರ ಕಾಲದಲ್ಲಿ ಮಲೇರಿಯಾದಿಂದ ಹೊಟ್ಟೆಯಲ್ಲಿ ಜ್ವರಗಡ್ಡೆ ಕಟ್ಟಿ ಸಂಸಾರಗಳೇ ಅಳಿದವು, ಊರುಗಳೇ ಹಾಳುಬಿದ್ದವು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂತು. ಮನೆ ಮನೆಗೆ ಡಿಡಿಟಿ ಹೊಡೆಯುವವರು ಬಂದರು. ಯಾವ ಮನೆಗೆ ಹೊಡೆದಾಯಿತು, ಯಾವ ಮನೆ ಬಾಕಿ ಅಂತ ಕೆಲಸ ಮಾಡುವವನಿಗೂ ಗೊತ್ತಿತ್ತು, ಕಳಿಸಿದವರಿಗೂ ಗೊತ್ತಿತ್ತು. ಅಂಥ ಕೆಲಸ ಈ ಇಲಾಖೆಯೇ ಈ ನೆಲದಲ್ಲೇ ಮಾಡಿದೆ. ಅದಕ್ಕೇ ನಿಮ್ಮಿಂದ ಆಗುವುದಿಲ್ಲ ಅಂತ ನಾನು ನಂಬುವುದಿಲ್ಲ.

2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ತೆರೆಯಿತು. ರಾತ್ರಿ ಲಾಂಚ್ (ದೋಣಿ) ಇಲ್ಲದೆ ಹಿನ್ನೀರಿನಾಚೆಯ ತುಮರಿ ಕಡೆಯವರು ರೋಗಿಯನ್ನು ಕಟ್ಟಿಕೊಂಡು ಊರು ಸುತ್ತಿ ಬರಬೇಕಾದ ಕಾಲ ಮುಗಿಯಿತು. ಅದಕ್ಕೆ ಕೋಟಿಗಟ್ಟಲೆ ದುಡ್ಡು ಬೇಕಿತ್ತು, ದಶಕಗಳ ಹೋರಾಟ ಬೇಕಿತ್ತು. ನಾನು ಕೇಳುತ್ತಿರುವುದಕ್ಕೆ ಅಷ್ಟೆಲ್ಲ ಬೇಡ.

ಬ್ಯಾಟರಿ, ಟಾರ್ಚ್, ನೀರಿನ ಪಂಪಿನಂಥ ಖರ್ಚನ್ನು ವೈದ್ಯಾಧಿಕಾರಿ ಮತ್ತು ಸಮಿತಿ ಸೇರಿ ಅದೇ ವಾರ ಮಾಡಲಿ, ಲೆಕ್ಕವನ್ನು ಆಸ್ಪತ್ರೆ ಗೋಡೆಗೆ ಅಂಟಿಸಲಿ. ಊರಿನವರ ಕಣ್ಣಿಗಿಂತ ಕಟ್ಟುನಿಟ್ಟಿನ ಆಡಿಟ್ ಇಲ್ಲ. ಡಾಕ್ಟರ್ ವರ್ಗವಾಗಿ ಹೋಗುವಾಗ ಹೊಸಬರ ಜೊತೆ ಒಂದು ವಾರ ಕೂತು ಊರಿನ ಕಷ್ಟಗಳನ್ನು ದಾಟಿಸಲಿ. ಮಳೆಗಾಲದ ಗರ್ಭಿಣಿಯರ ಪಟ್ಟಿ ಹೊಸನಗರ, ತೀರ್ಥಹಳ್ಳಿ, ಸಾಗರದ ಎಲ್ಲ ಕೇಂದ್ರಗಳಲ್ಲೂ ಏಪ್ರಿಲ್‌ನಲ್ಲೇ ಸಿದ್ಧವಾಗಲಿ. ಪರಿಶೀಲನಾ ಸಭೆಯ ಮೊದಲ ಅರ್ಧ ಗಂಟೆ ಕೆಳಗಿನವರು ಮಾತಾಡಲಿ, ಮೇಲಿನವರು ಬರೆದುಕೊಳ್ಳಲಿ. ಮುಂದಿನ ಸಭೆಯಲ್ಲಿ ಹೋದ ಸಲ ಹೇಳಿದ್ದು ಏನಾಯಿತು ಅಂತ ಮೇಲಿನವರು ಉತ್ತರ ಕೊಡಲಿ. ತಪ್ಪನ್ನು ತಾವೇ ಮುಂದೆ ಬಂದು ಹೇಳಿದ ಸಿಬ್ಬಂದಿಗೆ ಆ ಕಾರಣಕ್ಕೆ ನೋಟಿಸ್ ಕೊಡುವುದಿಲ್ಲ ಅಂತ ನೀವು ಬರೆದು ಹೊರಡಿಸಿ. ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ.

ಮಂಗನ ಕಾಯಿಲೆಗೆ ತಾಲ್ಲೂಕಿಗೆ ಒಬ್ಬರ ಹೆಸರು ಹೇಳಿ. ಅರಣ್ಯ, ಪಶು, ಪಂಚಾಯಿತಿ, ಆರೋಗ್ಯ ನಾಲ್ಕನ್ನೂ ಕರೆದು ಕೂರಿಸುವ ಅಧಿಕಾರ ಅವರಿಗೆ ಇರಲಿ. ಮೇ ಮುಗಿಯುವ ತನಕ ಅವರನ್ನು ವರ್ಗ ಮಾಡಬೇಡಿ. ಅವರ ಫೋನ್ ನಂಬರ್ ಪ್ರತಿ ಉಪಕೇಂದ್ರದ ಬಾಗಿಲ ಮೇಲೆ ಇರಲಿ.

ನಮ್ಮ ಸಮಿತಿಯ ಮುಂದಿನ ಸಭೆ ನವೆಂಬರ್ ಮೊದಲ ವಾರದಲ್ಲಿದೆ. ಆ ಹೆಸರು, ಆ ನಂಬರ್ ಅಷ್ಟರೊಳಗೆ ಬಂದರೆ ಎಣ್ಣೆ ಹಂಚುವ ಕೆಲಸ ನಾವು ಅಂದೇ ಶುರು ಮಾಡುತ್ತೇವೆ. ಮನೆ ಮನೆಗೆ ಹೋಗಲು ಹುಡುಗರು ಒಪ್ಪಿದ್ದಾರೆ.

ಇಂತಿ,
ಆರೋಗ್ಯ ರಕ್ಷಾ ಸಮಿತಿಯ ಸದಸ್ಯ
ಶಿವಮೊಗ್ಗ ಜಿಲ್ಲೆ